ಬೇಗ ಕೂಗಿದ ಎರಡನೇ ಸೈರನ್

ಕೆಲವು ವಿವರ ತಪ್ಪಿರಬಹುದು. ಅದು ಶುಕ್ರವಾರವೋ ಶನಿವಾರವೋ, ಭಾವನ ಕೈಯಲ್ಲಿದ್ದದ್ದು ಬಾವುಟವೋ ಕೆಂಪು ಟವೆಲ್ಲೋ, ಈಗ ಖಾತ್ರಿಯಿಲ್ಲ. ನಾನು ಬರೆದ ಪ್ರೋಗ್ರಾಮ್ ತಪ್ಪಾಗಿತ್ತು ಎಂಬುದಷ್ಟೇ ಖಾತ್ರಿ.

ಗಣಿ ಭರಾಟೆಯ ದಿನಗಳು. ಬಳ್ಳಾರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಹತ್ತಿರದ ಗಣಿಯೊಂದಕ್ಕೆ, ಗುಡ್ಡದಾಚೆಯ ರಸ್ತೆಯಲ್ಲಿ ಗೊತ್ತುಮಾಡಿದ ಸಮಯಕ್ಕೆ ಸರಿಯಾಗಿ ಕೂಗುವ ಸೈರನ್ ಬೇಕಿತ್ತು. ಸಂದೇಶವನ್ನು ಹಿಡಿದಿಟ್ಟುಕೊಂಡು ನಿಗದಿತ ಸಮಯಕ್ಕೆ ಕಳಿಸುವ ನೆಟ್‌ವರ್ಕ್ ಕಾರ್ಡ್ ಹಾಕಿಸಿ, ಅದಕ್ಕೆ ಡ್ರೈವರ್ ಬರೆದುಕೊಟ್ಟೆ. (ಲಾರಿ ಡ್ರೈವರ್ ಅಲ್ಲ, ಕಾರ್ಡನ್ನು ನಡೆಸುವ ಪ್ರೋಗ್ರಾಮ್.)

ಮೊದಲ ಸೈರನ್‌ಗೆ ರಸ್ತೆ ಬಂದ್. ಆಮೇಲೆ ಬ್ಲಾಸ್ಟಿಂಗ್. ಎರಡನೇ ಸೈರನ್‌ಗೆ ರಸ್ತೆ ಓಪನ್. ಎರಡೂ ಸಂದೇಶಗಳನ್ನು ಆಫೀಸಿನವರು ಒಟ್ಟಿಗೇ ಕಾರ್ಡಿಗೆ ಕೊಡುತ್ತಿದ್ದರು. ರಸ್ತೆ ಕಾಯುತ್ತಿದ್ದವರು ಸಿರುಗುಪ್ಪದ ಭಾವ, ನನ್ನ ಅಕ್ಕನ ಗಂಡ.

ಆ ಕಾರ್ಡಿಗೊಂದು ಮಿತಿ. ಏಳು ನಿಮಿಷದಾಚೆಗಿನ ಸಮಯ ಅದಕ್ಕೆ ತಿಳಿಯದು. ಹತ್ತು ಎಂದರೆ ಏಳು ಕಳೆದು, ಮೂರಕ್ಕೇ ಕಳಿಸಿಬಿಡುತ್ತದೆ. ಅಂಥದ್ದನ್ನು ಡ್ರೈವರ್ ತಡೆಯಬೇಕಿತ್ತು. ದಿನಾ ಆರು ನಿಮಿಷದಲ್ಲಿ ಎಲ್ಲ ಮುಗಿಯುವಾಗ ಯಾರು ಯೋಚಿಸುತ್ತಾರೆ?

ಅವತ್ತು ಸಿಡಿಸುವ ಕುಳಿಗಳು ಹೆಚ್ಚಿದ್ದವು. ಹತ್ತು ನಿಮಿಷ ಹಾಕಿದರು. ಮೂರಕ್ಕೇ ಎರಡನೇ ಸೈರನ್ ಕೂಗಿತು. ಭಾವ ರಸ್ತೆ ಬಿಟ್ಟರು. ಗುಡ್ಡ ಸಿಡಿದದ್ದು ಆಮೇಲೆ. ಒಳನುಗ್ಗಿದ ಬೈಕನ್ನು ತಡೆಯಲು ಓಡಿದ ಭಾವನ ಎಡಗಣ್ಣು ಹಾರಿಬಂದ ಕಲ್ಲಿಗೆ ಹೋಯಿತು. ಬೈಕಿನವನು ನಿಲ್ಲಲೇ ಇಲ್ಲ.

ಗುಡ್ಡದಾಚೆಯ ಸೈರನ್ ಆಫೀಸಿಗೆ ಕೇಳಿಸುತ್ತಿರಲಿಲ್ಲ. ಅಲ್ಲಿನ ಕಂಪ್ಯೂಟರಿನಲ್ಲಿ ‘ಹತ್ತು ನಿಮಿಷ’ ಎಂದೇ ದಾಖಲಾಗಿತ್ತು. (ಅದು ನಾವು ಕೇಳಿದ ಸಮಯ, ಕಾರ್ಡ್ ಕಳಿಸಿದ ಸಮಯವಲ್ಲ.) ವಿಚಾರಣೆಯಲ್ಲಿ "ಕಂಪ್ಯೂಟರ್ ಸುಳ್ಳು ಹೇಳೋದಿಲ್ಲ" ಎಂದವಳು ನಾನೇ. ಸೈರನ್ ಆಗದೆ ರಸ್ತೆ ಬಿಟ್ಟರೆಂದು ಭಾವನನ್ನು ಕೆಲಸದಿಂದ ತೆಗೆದರು.

ತಿಂಗಳಾದ ಮೇಲೆ ತಪ್ಪು ಕಣ್ಣಿಗೆ ಬಿತ್ತು. ಒಂದು ಸಾಲು ಸೇರಿಸಿ ಸರಿಪಡಿಸಿದೆ. ಬಾಯಿ ಬಿಡಲಿಲ್ಲ. ಹೆದರಿಕೆಯೋ, ನಾಚಿಕೆಯೋ? ಡೈರಿ ತೆಗೆದು ನೋಡಿದರೆ ಆ ವಾರದ ಪುಟಗಳು ಖಾಲಿ.

ಕಳೆದ ಭಾನುವಾರ ಸಿರುಗುಪ್ಪಕ್ಕೆ ಹೋಗಿದ್ದೆ. "ಭಾವಾ, ಆ ಸೈರನ್ ವಿಷಯ ಸ್ವಲ್ಪ ಹೇಳೋದೈತಿ" ಎಂದೆ.

"ಅವರಿಗೇನ್ ಹೇಳ್ತೀಯವಾ?" ಅಕ್ಕ ಅಡುಗೆಮನೆಯಿಂದಲೇ ನಕ್ಕಳು. "ಇಲ್ಲದ ಸೈರನ್ ಕೇಳೋ ಕಿವಿ ಅವು!"

ಎಲ್ಲ ಹೇಳಿದೆ.

"ಹಂಗಾರ ನಾ ಕೇಳಿದ್ದು ಖರೇನ?"

"ಖರೇನ, ಭಾವಾ."

"ಎಲ್ಲಾರೂ ಇಲ್ಲ ಇಲ್ಲ ಅಂದು ಅಂದು, ನನಗೂ ಹಂಗ ಅನಿಸಾಕ ಹತ್ತಿತ್ತವಾ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಗಣಿ ಮುಚ್ಚಿ ವರ್ಷಗಳಾದವು. ವಿಚಾರಣೆಗೆ ಕೂತವರು ಎಲ್ಲೆಲ್ಲೋ. ಹೊರಡುವ ಮುಂಚೆ ಭಾವನನ್ನೇ ಕೇಳಿದೆ:

"ಈಗ ಇದನ್ನ ಯಾರ ಮುಂದ ಹೇಳಿದ್ರ ನಿಮ್ಮ ಮ್ಯಾಲಿನ ಅಪವಾದ ಹೋಗತೈತಿ, ಭಾವಾ?"