ಕರಿಕಲ್ಲಿನ ಹೆಸರು

ಹಾಸನೂರಿನ ತಿರುವಿನಲ್ಲಿ ರಸ್ತೆ ಅಗಲ ಮಾಡಲು ಬಂಡೆ ಒಡೆದಿದ್ದರು. ತುಂತುರು ಮಳೆಗೆ ನೆನೆದ ಕಲ್ಲಿನ ವಾಸನೆ ಬಸ್ಸಿನೊಳಕ್ಕೆ ಬಂತು. ಕಿಟಕಿ ಮುಚ್ಚಲು ಹೋದ ನನ್ನ ಕೈ ಹಾಗೇ ನಿಂತಿತು. ನಮ್ಮೂರು ಗೆಟ್ಟವಾಡಿಯ ಬಾವಿ ತಾತನ ಮೈಯಿಂದ ಬರುತ್ತಿದ್ದದ್ದು ಇದೇ ವಾಸನೆ...

ಸ್ವಂತ ತಾತನಲ್ಲ; ಸುತ್ತಲಿನ ಎಷ್ಟೋ ಬಾವಿಗಳನ್ನು ತೋಡಿದ್ದರಿಂದ ಊರಿಗೆಲ್ಲ ಬಾವಿ ತಾತ. ನಾನು ಮೈಸೂರಿನಲ್ಲಿ ಭೂವಿಜ್ಞಾನ ಓದುತ್ತಿದ್ದ ವರ್ಷ ಅಪ್ಪ ಬೋರ್ ಹಾಕಿಸಲು ಹೊರಟರು. ತಾತ ಹಾರೆ ಊರಿಕೊಂಡು ಹೊಲವೆಲ್ಲ ನಡೆದು, ಮೇಲ್ಗಡೆಯ ಹುಣಸೆಮರದ ಹತ್ತಿರ ನಿಂತರು.

"ಕೆಳಗ್ ಬ್ಯಾಡಿ. ಮದ್ಯುಕ್ಕೆ ಕರಿಕಲ್ಲು ಅಡ್ಡ ನಿಂತದೆ. ನೀರು ಅದ್ನ ದಾಟಾಕಿಲ್ಲ."

ನಾನು ನಕ್ಕುಬಿಟ್ಟೆ. ನೀರು ಹರಿಯುವುದು ತಗ್ಗಿಗೇ ತಾನೇ ಎಂದೆ. ಓದಿದ ಮಗಳ ಮಾತಿಗೆ ಅಪ್ಪ ತಲೆಯಾಡಿಸಿದರು. ತಾತ ಹಾರೆಯನ್ನು ಹೆಗಲಿಗೇರಿಸಿ ಹೊರಟುಹೋದರು.

ನಾನು ತೋರಿಸಿದ ತಗ್ಗಿನಲ್ಲಿ ಬೋರ್ ಲಾರಿ ಎರಡು ದಿನ ಗುಡುಗಿತು. ಬಂದದ್ದು ಬರೀ ಪುಡಿ. ಅಪ್ಪ ಲಾರಿಯವರಿಗೆ ದುಡ್ಡು ಎಣಿಸಿಕೊಟ್ಟು ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಮಾರನೆಯ ಬೆಳಿಗ್ಗೆ ತಾತ ಬಾಗಿಲಿಗೆ ಬಂದರು. ಚುಚ್ಚಿ ಮಾತಾಡುತ್ತಾರೇನೋ ಎಂದು ಒಳಗೇ ಉಳಿದೆ. "ಬಾ ಕೂಸೆ, ಒಂದ್ ತೋರುಸ್ತೀನಿ" ಎಂದರು, ಅಷ್ಟೇ.

ಅವರು ಕರೆದೊಯ್ದ ಕಡೆ ಹಳ್ಳದ ದಂಡೆ ಕುಸಿದು ನೆಲದ ಒಳಮೈ ಕಾಣುತ್ತಿತ್ತು. ಬಿರುಕುಬಿಟ್ಟ ಬೂದು ಬಂಡೆ, ಅದರ ನಡುವೆ ಗೋಡೆ ಕಟ್ಟಿದಂತೆ ನೆಟ್ಟಗೆ ನಿಂತ ಕರಿಕಲ್ಲು. ತಾತ ನನ್ನ ಕೈ ಹಿಡಿದು ಅದರ ಮೇಲ್ಬದಿಗೆ ಒತ್ತಿದರು. ತಣ್ಣಗೆ, ಒದ್ದೆ. ಕೆಳಬದಿಗೆ ಒತ್ತಿದರು. ಒಣ ಧೂಳು ಅಂಗೈಗೆ ಮೆತ್ತಿತು. ಮೇಲಿನ ತಾಳಮಲೆ ಬೆಟ್ಟದ ಕಾಡಿನಲ್ಲಿ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲೇ ಇಳಿದು ಬಂದು ಇಲ್ಲಿ ತಡೆದು ನಿಂತಿತ್ತು.

"ಇದುಕ್ಕೆ ನಿನ್ ಪುಸ್ತುಕದಲ್ಲಿ ಏನೋ ಎಸ್ರು ಇರ್ಬೇಕಲ್ಲ?"

"ಡೈಕ್ ಅಂತಾರೆ ತಾತ. ಬೆಟ್ಟ ಬಿರುಕು ಬುಟ್ಟಾಗ ತಳದಿಂದ ಕಾದ ಕಲ್ಲಿನ ರಸ ನುಗ್ಗಿ ಗಟ್ಟಿ ಆಗಿರೋದು."

ಪರೀಕ್ಷೆಗೆಂದು ಉರು ಹೊಡೆದ ಮಾತು. ಕೈಯಿಂದ ಮುಟ್ಟಿದ್ದು ಅಂದೇ.

ತಾತನ ಮುಖ ಅರಳಿತು. ದಾರಿಯುದ್ದಕ್ಕೂ "ಡೈಕು... ಡೈಕು" ಎಂದು ಹೇಳಿಕೊಂಡೇ ಬಂದರು. ಟೀ ಅಂಗಡಿಯಲ್ಲಿ, "ನಮ್ ಕೂಸು ಏಳ್ಕೊಟ್ಟದ್ದು ಕಣ್ಲಾ" ಎಂದು ಸಾರಿದರು. ನನ್ನ ತಪ್ಪನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಹುಣಸೆಮರದ ಹತ್ತಿರ ಮತ್ತೆ ಕೊರೆಸಿದಾಗ ನೀರು ಬಂತು. ಅಂದು ನಕ್ಕದ್ದಕ್ಕೆ ತಪ್ಪಾಯಿತು ಎನ್ನಬೇಕೆಂದು ಪ್ರತಿ ರಜೆಯಲ್ಲೂ ಅಂದುಕೊಂಡೆ. ಆಮೇಲೆ ಕೆಲಸ, ಮದುವೆ... ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು.

ಇವತ್ತು ಬಸ್ಸಿಳಿದು ನೆಟ್ಟಗೆ ಅವರ ಮನೆಗೇ ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು, ತಾತನಿಗೆ ಹೇಳಬೇಕಿದ್ದನ್ನು ಅಜ್ಜಿಗೆ ಹೇಳಿದೆ.

"ಅದ್ಯಾಕವ್ವ ಈಗ," ಎಂದರು ಅಜ್ಜಿ. "ಕಾಡಲ್ಲಿ ಇನ್ನೊಂದ್ ಬಗೆ ಕಲ್ಲು ಕಂಡಿದ್ರಂತೆ. ಕೂಸು ಬಂದ್ರೆ ಎಸ್ರು ಕೇಳ್ಬೇಕು ಅಂತಿದ್ರು."

"ಎಲ್ಲಿ ಅಜ್ಜಿ?"

ಅಜ್ಜಿ ಕೈಯೆತ್ತಿ ತಾಳಮಲೆಯ ಕಡೆ ತೋರಿಸಿದರು. ಬೆರಳಿನಾಚೆ ಬೆಟ್ಟದ ಹಿಂದೆ ಬೆಟ್ಟ. ಅದರಲ್ಲಿ ಯಾವ ಕಲ್ಲೆಂದು ಹೇಳುವವರಿಲ್ಲ.