ಗುಡ್ಡದ ಕಸ ಹೊಡೆಯುವ ದುಂಡಮ್ಮ

ಬೆಳ್ಳಿಚುಕ್ಕಿ ಇನ್ನೂ ಮಾಸಿಲ್ಲ. ಕಮಲಾಪುರದ ಬಡಗಣ ಗುಡ್ಡದಿಂದ ಬರಬರ ಸದ್ದು ಕೇಳುತ್ತದೆ. ರಾಶಿಗೆ ಮುಂಚೆ ಕಣ ಉಡುಗುವಾಗ ಬರುತ್ತದಲ್ಲ, ಅಂಥದೇ ಸದ್ದು. ಹತ್ತಿರ ಹೋಗಿ ನೋಡಿದರೆ ಅಲ್ಲಿ ಕಣವೂ ಇಲ್ಲ, ಅಂಗಳವೂ ಇಲ್ಲ. ಸಾಗವಾನಿ ಮರಗಳ ನಡುವೆ ಒಬ್ಬ ಹೆಣ್ಣುಮಗಳು ತೊಗರಿ ಕಟ್ಟಿಗೆಯ ಕಸಬರಿಗೆ ಹಿಡಿದು, ಕಚ್ಚೆ ಬಿಗಿದು, ಬಗ್ಗಿ ಬಗ್ಗಿ ಅಡವಿಯ ನೆಲ ಉಡುಗುತ್ತಿದ್ದಾಳೆ. ಒಣಗಿದ ಎಲೆ ಸರಿದಲ್ಲಿ ಕೆಂಪು ಮಣ್ಣು ಕಾಣುತ್ತದೆ. ಆಕೆ ನಾಲ್ಕು ಮಾರು ಮುಂದೆ ಹೋಗುವುದರೊಳಗೆ ಮೇಲಿನಿಂದ ಮತ್ತೆರಡು ಎಲೆ, ಪತ್ರಾವಳಿಯಷ್ಟು ಅಗಲದವು, ತೂರಾಡುತ್ತ ಬಂದು ಉಡುಗಿದಲ್ಲೇ ಬೀಳುತ್ತವೆ. ಆಕೆ ಹಿಂತಿರುಗಿ ನೋಡುತ್ತಾಳೆ.

“ಮುಂದ ನಾ ಹೊಡಿತೀನಿ, ಹಿಂದ ಅದು ಚೆಲ್ತದ,” ಎನ್ನುತ್ತಾಳೆ ದುಂಡಮ್ಮ. “ಇಬ್ರಿಗೂ ಬ್ಯಾರೆ ಕೆಲಸ ಇಲ್ರೀ.”

ಸರಕಾರದ ಜಂಗಲಾತ್ ಖಾತೆಯವರು ಈ ಗುಡ್ಡದ ಸುತ್ತ ಒಂದು ಗೆರೆ ಹಾಕಿಸಿದ್ದಾರೆ. ಎರಡು ಬಂಡಿ ಜೋಡಾಗಿ ಹೋಗುವಷ್ಟು ಅಗಲ. ಆ ಗೆರೆಯಲ್ಲಿ ಹುಲ್ಲು, ಎಲೆ, ಕಡ್ಡಿ ಏನೂ ಉಳಿಯಬಾರದು. ಕೆಳಗಿನ ಬಯಲಿಗೆ ಬೆಂಕಿ ಬಿದ್ದರೆ ಅದು ಗೆರೆಯ ತನಕ ಬಂದು, ತಿನ್ನಲು ಏನೂ ಸಿಗದೆ ಅಲ್ಲೇ ಸಾಯಬೇಕು. ಸಂಕ್ರಮಣ ಆದ ಮೇಲೆ ಎಲೆ ಉದುರಲು ಶುರುವಾದರೆ ಮೊದಲ ಮಳೆ ಬೀಳುವ ತನಕ ಈ ಗೆರೆ ಉಡುಗುವುದು ದುಂಡಮ್ಮನ ಪಾಲಿನ ದುಡಿಮೆ. ಗೆರೆಯ ಉದ್ದ ಹೆಚ್ಚುಕಡಿಮೆ ಒಂದು ಹರದಾರಿ. ಈ ತುದಿಯಿಂದ ಆ ತುದಿ ಮುಟ್ಟಲು ಒಂದು ವಾರದ ಮೇಲಾಗುತ್ತದೆ. ಅಷ್ಟರಲ್ಲಿ ಈ ತುದಿ ಮತ್ತೆ ಮುಚ್ಚಿರುತ್ತದೆ. ಉಡುಗಿದ ಎಲೆಯನ್ನು ಅಲ್ಲೇ ಬಿಟ್ಟರೆ ಗಾಳಿ ಮರಳಿ ತರುತ್ತದೆಂದು ಬುಟ್ಟಿಯಲ್ಲಿ ಹೊತ್ತು ಒಂದು ಬೋಳು ಹಾಸುಬಂಡೆಯ ಮೇಲೆ ಸುರಿದು ಬರುತ್ತಾಳೆ. ಎಲೆಗೆ ತೂಕವಿಲ್ಲ ಅನ್ನುತ್ತಾರೆ. ಸಂಜೆಯ ಹೊತ್ತಿಗೆ ಆಕೆಯ ಕುತ್ತಿಗೆಯನ್ನು ಕೇಳಬೇಕು.

ಗೆರೆಯ ಒಳಗೆ ಅಂಥದೇನಿದೆ? ಗುಡ್ಡದ ಹೊಟ್ಟೆಯಲ್ಲಿ ಒಂದು ಕೊಳ್ಳವಿದೆ. ಈ ಸೀಮೆಯ ಬಿಸಿಲಲ್ಲಿ ನಡೆದು ಬಂದವರು ಅದರೊಳಗೆ ಇಳಿದರೆ ಮೊದಲು ತಲೆಯ ರುಮಾಲು ಬಿಚ್ಚುತ್ತಾರೆ. ನೇರಳೆ, ಅತ್ತಿ, ಕಾಡುಮಾವು ತಲೆಗೆ ತಲೆ ಕೂಡಿಸಿ ನಿಂತಿವೆ. ಕಲ್ಲಿನ ಮೇಲೆ ಪಾಚಿ, ಸಂದಿಯಲ್ಲಿ ಝರಿ. ಚೈತ್ರ ವೈಶಾಖದಲ್ಲೂ ಅಲ್ಲಿಯ ಮಣ್ಣು ಕಾಲಿಗೆ ತಣ್ಣಗೆ ಅಂಟುತ್ತದೆ. ಕಡವೆ, ಚಿರತೆ, ಮುಳ್ಳುಹಂದಿ, ನವಿಲು ಎಲ್ಲವೂ ಬೇಸಿಗೆಯಲ್ಲಿ ಅಲ್ಲಿಗೇ ಇಳಿಯುತ್ತವೆ. ಸುತ್ತ ಇಂಥ ಕೊಳ್ಳ ಮೂರು ಇದ್ದವು. ಈಗ ಉಳಿದಿರುವುದು ಇದೊಂದು.

ಮೊದಲು ಈ ಕೆಲಸ ಮಾಡುತ್ತಿದ್ದವನು ಗಂಡ ಕಾಶಿರಾಯ. ಊರೂರೇ ಮಲಗಿದ ಆ ದೊಡ್ಡ ಜ್ವರದ ವರ್ಷ ಅವನು ಹೋದ. ಮಗಳು ಪುತಳಾಬಾಯಿ ಆಗ ಲಂಗದ ಹುಡುಗಿ. ಅವನ ಸೂತಕದ ದಿನಗಳು ಮುಗಿಯುತ್ತಲೇ ದುಂಡಮ್ಮ ಅವನ ಕಸಬರಿಗೆ ಎತ್ತಿಕೊಂಡು ಗುಡ್ಡ ಹತ್ತಿದಳು. ಜಂಗಲಿನ ಚೌಕಿದಾರ ನಬಿಸಾಬ್ ಬೇಡ ಅನ್ನಲಿಲ್ಲ. ಊರವರು ನಕ್ಕರು. ಬಾವಿಕಟ್ಟೆಯಲ್ಲಿ ಹೆಂಗಸರು ಈಗಲೂ ಕೆಣಕುತ್ತಾರೆ: “ಏ ದುಂಡವ್ವಾ, ಅಡವಿ ಕಸ ಆತೇನು? ನಾಳಿಗಿ ಸಾರ್ಸಿ ರಂಗೋಲಿನೂ ಹಾಕಿ ಬಾ!” ದುಂಡಮ್ಮ ಕೊಡ ಎತ್ತಿಕೊಳ್ಳುತ್ತ, “ಸುಣ್ಣ ನೀವು ಕೊಡ್ರಿ, ಹಾಕ್ತೀನಿ,” ಎಂದು ಹೊರಟುಬಿಡುತ್ತಾಳೆ.

ದನ ಕಾಯುವವರು ಹೊಸ ಹುಲ್ಲು ಬರಲೆಂದು ಬಯಲು ಸುಡುತ್ತಾರೆ. ಹಿಪ್ಪೆ ಹೂ ಆಯುವವರು ಮರದ ಬುಡ ಸ್ವಚ್ಛವಾಗಲೆಂದು ಕಡ್ಡಿ ಗೀರುತ್ತಾರೆ. ಅವರಿಗೆ ತಿಳಿಸಿ ಹೇಳಬಹುದು. ಎಲ್ಲಕ್ಕಿಂತ ಕಷ್ಟದ್ದು ಗುಡ್ಡದಾರತಿ. ಮಕ್ಕಳು ಉಳಿಯದ ತಾಯಿ ‘ಈ ಕೂಸು ವರ್ಷ ದಾಟಿದರೆ ಗುಡ್ಡಕ್ಕೆ ಆರತಿ ಬೆಳಗುತ್ತೇನೆ’ ಎಂದು ಹರಕೆ ಹೊರುತ್ತಾಳೆ. ವರ್ಷ ದಾಟಿತೆಂದರೆ ಹೋಳಿ ಹುಣ್ಣಿಮೆಯೊಳಗೆ ಬಂದು ಬುಡದ ಹುಲ್ಲಿಗೆ ಬತ್ತಿ ಇಟ್ಟು ಕೈಮುಗಿದು ಹೋಗುತ್ತಾಳೆ. ಚಿಕ್ಕವನಿದ್ದಾಗ ಮಾಳಿಗೆಯ ಮೇಲೆ ನಿಂತು ಅಂಥದೊಂದು ಆರತಿ ನೋಡಿದ ನೆನಪು ನನಗಿದೆ. ಗುಡ್ಡದ ತುಂಬ ದೀಪ ಹಚ್ಚಿದಂತೆ ಚೆಂದ ಕಾಣುತ್ತಿತ್ತು. ಈಗ ಸರಕಾರ ಇದಕ್ಕೆ ಸಜೆ ಇಟ್ಟಿದೆ. ಆದರೂ ತಾಯಂದಿರು ಬರುತ್ತಾರೆ. ಕೂಸಿನ ಮುಂದೆ ಸಜೆ ಏನು ಲೆಕ್ಕ?

ದುಂಡಮ್ಮ ಎದುರಿನ ಬೋಳುಗುಡ್ಡದತ್ತ ಕೈ ತೋರಿಸುತ್ತಾಳೆ. ಅಲ್ಲಿ ಕಲ್ಲು ಬಿಟ್ಟರೆ ಜಾಲಿ, ಜಾಲಿ ಬಿಟ್ಟರೆ ಕಲ್ಲು. “ಅದು ನನ್ನ ಗುಡ್ಡರೀ. ನಾ ಉಳ್ದೆ ಅಂತ ನಮ್ಮವ್ವ ಹಚ್ಚಿದ್ದು. ಅದ್ರಾಗೂ ಒಂದು ಕೊಳ್ಳ ಇತ್ತಂತ. ಕೊಳ್ಳ ಹೋತು, ನಾ ಉಳ್ದೆ. ಹರಕಿ ಸುಳ್ಳು ಅಂತ ನಾ ಯಾವ ಬಾಯಿಲೆ ಅನ್ಲಿ?”

ಈ ಸಲ ಆರತಿಗೆ ಬಂದವಳು ಆಕೆಯ ಮಗಳೇ.

ಪುತಳಾಬಾಯಿ ಈಗ ಕಲಬುರಗಿಯಲ್ಲಿದ್ದಾಳೆ. ಗಂಡ ಚಂದ್ರಶಾ ಸ್ಟೇಶನ್ ಬಜಾರದಲ್ಲಿ ಹಮಾಲಿ ಮಾಡುತ್ತಾನೆ. ಮೊದಲಿನ ಎರಡು ಕೂಸು ತೊಟ್ಟಿಲಲ್ಲೇ ಹೋದವು. ಮೂರನೆಯದು ಹೆಣ್ಣು, ಮಾಘದಲ್ಲಿ ವರ್ಷ ತುಂಬಿತು. ಹೋಳಿಗೆ ಇನ್ನು ಸ್ವಲ್ಪ ದಿನ ಇರುವಾಗ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು, ಎಣ್ಣೆಯ ಕುಡಿಕೆ ಸೆರಗಿನಲ್ಲಿ ಮುಚ್ಚಿಕೊಂಡು ಬಂಡಿಯಿಂದ ಇಳಿದಳು. ಅಂದಿನ ಮಾತು ದುಂಡಮ್ಮ ಮುಚ್ಚಿಡದೆ ಹೇಳುತ್ತಾಳೆ.

“ಯವ್ವಾ, ಗುಡ್ಡಕ್ಕ ಆರತಿ ಅಂದೀನಿ.”

“ಯಾವ ಗುಡ್ಡಕ್ಕ?”

“ಇದಕ್ಕ. ನನಗ ಬ್ಯಾರೆ ಯಾವ ಗುಡ್ಡ ಗೊತ್ತದ?”

“ಹರಕಿ ಹೊರೂಕಿಂತ ಮೊದಲ ನನಗೊಂದು ಮಾತು ಕೇಳಬಾರದೇನ ಮಗಾ?”

“ಎರಡು ಕೂಸು ಮಣ್ಣಿಗಿಟ್ಟಾಕಿ ಯಾರಿಗಿ ಕೇಳ್ತಾಳ? ನೀ ಎಲಿ ಉಡುಗ್ತಿ ಅಂತ ನನ್ನ ಕೂಸು ಹೋಗಬೇಕೇನು?”

ಎರಡು ದಿನ ತಾಯಿ ಮಗಳು ಒಂದೇ ಒಲೆಯ ಮುಂದೆ ಕೂತು ರೊಟ್ಟಿ ತಿಂದರು, ಮಾತಾಡಲಿಲ್ಲ. ಕೂಸು ಮಾತ್ರ ಅಜ್ಜಿಯ ಕಸಬರಿಗೆಯ ಕಡ್ಡಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿತ್ತು.

ಮೂರನೆಯ ದಿನ ದುಂಡಮ್ಮನೇ ಬಾಯಿ ಬಿಟ್ಟಳು. ಬಂಡೆಯ ಮೇಲೆ ಎಲೆಯ ರಾಶಿ ಆಳೆತ್ತರ ಬೆಳೆದಿದೆ, ಅದಕ್ಕೇ ಬತ್ತಿ ಇಡು ಅಂದಳು. ಪುತಳಾಬಾಯಿ ಮುಖ ತಿರುವಿದಳು.

“ನಾ ಗುಡ್ಡ ಅಂದೀನಿ. ತಿಪ್ಪಿ ಅಂದಿಲ್ಲ.”

“ಆ ಎಲಿ ಯಾರವು? ನಮ್ಮನಿಯವೇನು? ಗುಡ್ಡದವೇ. ಈ ವರ್ಷದ ಗುಡ್ಡನೆಲ್ಲಾ ನಾ ಹೊತ್ತು ಅಲ್ಲಿ ಇಟ್ಟೀನಿ. ನನ್ನ ಕುತಗಿಗಿ ಕೇಳು.”

ಮಗಳು ಬತ್ತಿ ಹೊಸೆಯಲು ಕೂತಳು. ದುಂಡಮ್ಮ ನಬಿಸಾಬನ ಬಳಿ ಹೋಗಿ ಕೇಳಿದಾಗ ಅವನು ಗಡ್ಡ ಕೆರೆದುಕೊಂಡ. “ತೌಬಾ! ಜಂಗಲ್ ಕಾಯೋವ್ರೇ ಬೆಂಕಿ ಹಚ್ಚಿದ್ರ ನನ್ನ ನೌಕರಿ ಎಲ್ಲಿ ಉಳಿತದ ದುಂಡವ್ವಾ?” ಅಂದವನು ಒಂದು ಎಲೆಅಡಿಕೆ ಮಡಿಚಿ ಬಾಯಿಗೆ ಹಾಕಿಕೊಂಡು, “ಗಾಳಿ ಇಲ್ಲದ ಹೊತ್ತು ನೋಡು. ನಾನೂ ಬರ್ತೀನಿ. ನೀರಿನ ಕೊಡ ತುಂಬಿಟ್ಕೋ,” ಅಂದ.

ಹಾಗೆ ಒಂದು ನಸುಕಿನಲ್ಲಿ, ಇಬ್ಬನಿ ಇನ್ನೂ ಇರುವಾಗ, ಮೂವರು ಕೂಡಿ ಬಂಡೆಯ ಸುತ್ತ ಮತ್ತೊಂದು ಸಲ ಉಡುಗಿದರು. ಪುತಳಾಬಾಯಿ ಅರಿಸಿನ ಕುಂಕುಮ ಏರಿಸಿ, ಕೂಸಿನ ಕೈ ಹಿಡಿದು ಬತ್ತಿ ಮುಟ್ಟಿಸಿದಳು. ಒಣಗಿದ ಸಾಗವಾನಿ ಎಲೆ. ಒಮ್ಮೆಲೇ ಭಗ್ ಎಂದಿತು. ಉರಿ ಮರದೆತ್ತರ ಹೋಯಿತು. ಅಷ್ಟು ದೊಡ್ಡದಾಗುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಉರಿಗೆ ಉರಿಯೇ ಗಾಳಿ ಎಬ್ಬಿಸಿಕೊಂಡಿತು. ಹತ್ತಿದ ಎಲೆಯೊಂದು ಹಕ್ಕಿಯಂತೆ ಹಾರಿ ಗೆರೆ ದಾಟಿ ಕೊಳ್ಳದ ಅಂಚಿನ ಹುಲ್ಲಿನಲ್ಲಿ ಇಳಿಯಿತು.

ದುಂಡಮ್ಮ ಓಡಿದಳು. ಓಡಿದಳು ಅನ್ನುವುದಕ್ಕಿಂತ ಬಿದ್ದಳು ಅನ್ನಬೇಕು; ಮೊಳಕಾಲು ಬಾಗಲಿಲ್ಲ. ಎದ್ದು ನೋಡಿದರೆ ಪುತಳಾಬಾಯಿ ಕೂಸನ್ನು ನಬಿಸಾಬನ ಕೈಗೆ ತುರುಕಿ, ಹಸಿ ಟೊಂಗೆ ಮುರಿದುಕೊಂಡು ಹುಲ್ಲನ್ನು ಬಡಿಯುತ್ತಿದ್ದಾಳೆ. ಹತ್ತಿದ ಹುಲ್ಲನ್ನು ಕಾಲಿನಿಂದ ತುಳಿದಳು, ಸೀರೆಯ ಅಂಚು ಸುಟ್ಟಿತು, ಬಿಡಲಿಲ್ಲ. ನಬಿಸಾಬ್ ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈಯಲ್ಲಿ ಕೂಸು, ಕೂಸಿನ ಮುಷ್ಟಿಯಲ್ಲಿ ಅವನ ಗಡ್ಡ. ಹೀಗೇ ಓಡಾಡಿ ನೀರು ಸುರಿದ. ಹೊತ್ತು ಏರುವ ತನಕ ಹೊಗೆ ಆಡಿ, ಕೊನೆಗೆ ಎಲ್ಲ ತಣ್ಣಗಾಯಿತು.

ಆಮೇಲೆ ಪುತಳಾಬಾಯಿ ಮಸಿ ಹತ್ತಿದ ಕೈ ನೋಡಿಕೊಂಡು ಕೂತಳು. “ನಾನೇ ಹಚ್ಚಿದ್ದೆ, ನಾನೇ ಆರಿಸ್ದೆ. ಈಗ ಹರಕಿ ಗುಡ್ಡಕ್ಕ ಮುಟ್ಟಿತೋ ಇಲ್ಲೋ?”

“ಆರತಿ ಆದ ಮ್ಯಾಲ ಇಡೀ ದಿನ ಹಿಡ್ಕೊಂಡು ನಿಂದರ್ತಾರೇನ ತಂಗಿ?” ಅಂದ ನಬಿಸಾಬ್.

ಅವಳು ನಗಲಿಲ್ಲ. ಮರುದಿನ ಬಂಡಿ ಹತ್ತುವಾಗ ತಾಯಿಗೆ ಹೇಳಿದ್ದು ಇಷ್ಟೇ: “ಕೂಸಿಗಿ ಏನರ ಆತಂದ್ರ ಮತ್ತ ಬರ್ತೀನಿ ಯವ್ವಾ. ಆವಾಗ ಹಾಸುಗಲ್ಲಿನ ಮ್ಯಾಲಿನ ಎಲಿಗಿ ಅಲ್ಲ. ಗುಡ್ಡಕ್ಕೇ.”

ಹೋಳಿ ಮುಗಿದು ಬಹಳ ದಿನವಾಗಿಲ್ಲ. ಬಿಸಿಲು ಏರುತ್ತಿದೆ, ಎಲೆ ಇನ್ನಷ್ಟು ಉದುರುತ್ತಿದೆ. ದುಂಡಮ್ಮ ನಡುವೆ ನಡುವೆ ಸೊಂಟ ಹಿಡಿದು ನಿಲ್ಲುತ್ತಾಳೆ, ಮತ್ತೆ ಬಾಗುತ್ತಾಳೆ. ಕಲಬುರಗಿಗೆ ಕೆಂಪು ಬಾಳೆಹಣ್ಣು ಹೊತ್ತು ಹೋದ ಬಂಡಿಗಳು ಮರಳುವ ಹೊತ್ತಿಗೆ ಕೆಲಸ ಬಿಟ್ಟು ದಾರಿಯ ತನಕ ಇಳಿದು ಬರುತ್ತಾಳೆ. ಬಂಡಿಯವರಿಗೆ ಈಗ ರೂಢಿಯಾಗಿದೆ. ಆಕೆ ಕೇಳುವ ಮುಂಚೆಯೇ “ಚಂದ್ರಶಾ ಭೆಟ್ಟಿ ಆಗಿದ್ದ, ಕೂಸು ಆರಾಮದ,” ಎಂದು ಕೂಗುತ್ತಾರೆ. ಹಿಂದಿನ ಸಂತೆಯ ದಿನ ಒಬ್ಬ “ಒಂಚೂರು ನೆಗಡಿ ಆಗ್ಯಾದಂತ” ಅಂದಿದ್ದ. ಆ ರಾತ್ರಿ ಆಕೆ ಮಲಗಲಿಲ್ಲ. ಮರುದಿನದ ಬಂಡಿ ನೆಗಡಿ ಬಿಟ್ಟಿತೆಂಬ ಸುದ್ದಿ ತಂದಿತು.

ಏನು ಬೇಕು ದುಂಡಮ್ಮ ನಿನಗೆ, ಸರಕಾರಕ್ಕೆ ಏನಾದರೂ ಕೇಳುವುದಿದೆಯೇ ಎಂದು ವಿಚಾರಿಸಿದೆ. ಕಸಬರಿಗೆಯ ಹುರಿ ಬಿಗಿದು ಗಂಟು ಹಾಕಿದಳು.

“ಸರಕಾರಕ್ಕೇನು ಕೇಳ್ಲಿ? ಮೃಗಶಿರಾ ಮಳಿ ಬರೂತನಾ ಕೂಸಿಗಿ ಒಂದು ಸೀನೂ ಬರಬಾರದು. ಅಷ್ಟೇ ರೀ. ಮಳಿ ಬಿದ್ದ ಮ್ಯಾಲ ಬೇಕಾದ್ರ ಬರ್ಲಿ ನನ್ನ ಮಗಳು, ಎಣ್ಣಿ ಕುಡಿಕಿ ತಗೊಂಡು. ಹಸಿ ಗುಡ್ಡ ಯಾರು ಹಚ್ಚಿದ್ರೂ ಹತ್ತಂಗಿಲ್ಲ.”