ಕೊನೆಯ ಗುಡಾರದಿಂದ ಹಿಂದಕ್ಕೆ

ಕಳೆದ ವಾರ ಮನೆ ಬದಲಾಯಿಸುವಾಗ ಹಳೆಯ ಸೂಟ್‌ಕೇಸಿನ ತಳದಲ್ಲಿ ಒಂದು ಜೊತೆ ಹಸಿರು ಬಟ್ಟೆಯ ಕವಚಗಳು ಸಿಕ್ಕವು. ಮರುಭೂಮಿಯಲ್ಲಿ ಓಡುವವರು ಶೂವಿನೊಳಗೆ ಮರಳು ನುಗ್ಗದಿರಲೆಂದು ಕಣಕಾಲಿಗೆ ಸುತ್ತಿಕೊಳ್ಳುವಂಥವು. ಅಂಗಡಿಯಲ್ಲಿ ಚೆಂದದವು ಸಿಗುತ್ತವೆ. ಇವು ಆಸ್ಪತ್ರೆಯ ಹರಿದ ಬೆಡ್‌ಶೀಟನ್ನು ಕತ್ತರಿಸಿ ಹೊಲಿದವು, ಹೊಲಿಗೆಯೂ ಸೊಟ್ಟ. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷದ ಮೇಲೂ ಬ್ಲೀಚಿನ ವಾಸನೆ... ನನಗೆ ಮೊದಲು ಬಂದದ್ದು ಅಳು ಅಲ್ಲ, ಸಿಟ್ಟು. ಸತ್ತ ಮೇಲೂ ಈ ಹೆಂಗಸು ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲವಲ್ಲ ಎಂದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಇಲ್ಲಿ ಗಲ್ಫಿನಲ್ಲಿ, ಹವಲ್ಲಿ ಎಂಬ ಬಡಾವಣೆಯ ಹಳೆಯ ಕಟ್ಟಡದಲ್ಲಿ ಅವರು ನಮ್ಮ ಮೇಲಿನ ಮಹಡಿಯಲ್ಲಿದ್ದರು. ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಮದುವೆಯಾಗಿರಲಿಲ್ಲ, ಊರಿನಲ್ಲಿ ತಂಗಿಯ ಸಂಸಾರ. ನಮ್ಮ ಕರಾವಳಿಯಲ್ಲಿ ಆ ಮನೆಗಳ ಹೆಂಗಸರನ್ನು ಬಾಯಮ್ಮ ಎನ್ನುವುದು ರೂಢಿ, ನಾನೂ ಹಾಗೆಯೇ ಕರೆದೆ. ಹೆಸರಿಗೆ ತಕ್ಕ ಬಾಯಿಯೂ ಇತ್ತು ಅನ್ನಿ. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯನ್ನು ನೋಡಿಕೊಳ್ಳುತ್ತಿದ್ದರು. ಅವರ ಕೈಕೆಳಗಿನವರು ಅವರ ಚಪ್ಪಲಿ ಸದ್ದಿಗೇ ಎದ್ದು ನಿಲ್ಲುತ್ತಿದ್ದರಂತೆ. ನನ್ನದು ಕುಂದಾಪುರ, ನನಗೆ ಕೊಂಕಣಿಯೂ ಬಾರದು, ತುಳುವೂ ಬಾರದು. ಹಾಗಾಗಿ ನಮ್ಮಿಬ್ಬರ ನಡುವೆ ಮಂಗಳೂರು ಕನ್ನಡವೇ ಉಳಿದಿತ್ತು, ಅದರ ಮಧ್ಯೆ ಅರಬ್ಬಿಯ ಒಂದೊಂದು ಯಲ್ಲಾ, ಒಂದೊಂದು ಖಲಾಸ್.

ನಾನು ಓಡಲು ಶುರು ಮಾಡಿದ್ದೇ ಅವರ ಕೊಂಕು ತಾಳಲಾರದೆ. ಡಾಕ್ಟರು ಸಕ್ಕರೆ ಏರುತ್ತಿದೆ, ನಡೆಯಿರಿ ಎಂದಿದ್ದರು. ಸಮುದ್ರದ ಬದಿಯ ದಾರಿಯಲ್ಲಿ ನಾನು ಏದುಸಿರು ಬಿಡುತ್ತಾ ನಡೆಯುತ್ತಿದ್ದರೆ, ನನಗಿಂತ ಎಷ್ಟೋ ದೊಡ್ಡವರಾದ ಬಾಯಮ್ಮ ಪಕ್ಕದಿಂದ ದಾಟಿ ಹೋಗಿ, ತಿರುಗಿ, ಮೊಟ್ಟೆ ಇಡಲು ಜಾಗ ಹುಡುಕುತ್ತಿದ್ದೀಯಾ ಎಂದು ಕೇಳಿದ್ದರು. ಅದೂ ಜನರೆದುರು. ಅವರನ್ನು ಹಿಂದೆ ಹಾಕಬೇಕೆಂಬ ಒಂದೇ ಛಲಕ್ಕೆ ಓಡಿದೆ. ಒಂದು ಚಳಿಗಾಲ ಕಳೆಯುವುದರೊಳಗೆ ಹಿಂದೆ ಹಾಕಿಯೂ ಬಿಟ್ಟೆ. ಆಮೇಲೆ ಅದೇ ಒಂದು ಹುಚ್ಚಾಯಿತು. ಸಣ್ಣ ಓಟ, ದೊಡ್ಡ ಓಟ, ಕಡೆಗೆ ಮ್ಯಾರಥಾನನ್ನೂ ಮೀರಿದ ಮರುಭೂಮಿಯ ಓಟ. ಪ್ರತಿ ಸಲವೂ ನಾನು ಮುಂದೆ, ಬಾಯಮ್ಮ ಹಿಂದೆ.

ಗೆದ್ದ ನಾನೇನೂ ಸುಮ್ಮನಿರುವವಳಲ್ಲ. ಕಾರಿನಲ್ಲಿ ಒಂದು ಮಡಚುವ ಕುರ್ಚಿ ಇಟ್ಟುಕೊಂಡಿದ್ದೆ. ಓಟ ಮುಗಿಸಿ, ಬಟ್ಟೆ ಬದಲಾಯಿಸಿ, ಆ ಕುರ್ಚಿಯನ್ನು ಗುರಿಗೆರೆಯ ಪಕ್ಕದಲ್ಲೇ ಬಿಡಿಸಿಟ್ಟು ಕಾಯುತ್ತಿದ್ದೆ. ಬಾಯಮ್ಮ ಕುಂಟುತ್ತಾ ಬಂದೊಡನೆ, ವಯಸ್ಸಾಯಿತು ಬಾಯಮ್ಮ, ಕುಳಿತುಕೊಳ್ಳಿ ಎನ್ನುತ್ತಿದ್ದೆ. ನೋಡಿದವರೆಲ್ಲ ನಗುತ್ತಿದ್ದರು. ಅವರು ಕುರ್ಚಿಗೆ ಒಂದು ಒದೆ ಕೊಟ್ಟು, ಮರಳಿನ ಮೇಲೇ ಕುಳಿತು, ನನಗೆಂದೇ ಡಬ್ಬಿಯಲ್ಲಿ ತಂದ ಇಡ್ಲಿಯಂಥ ಸನ್ನಣವನ್ನು ನನ್ನ ಕಣ್ಣೆದುರೇ ಬೇರೆಯವರಿಗೆ ಹಂಚುತ್ತಿದ್ದರು. ನಮ್ಮ ಸ್ನೇಹ ಇದ್ದದ್ದು ಹೀಗೆ. ಜನ ಇದಕ್ಕೆ ಜಗಳ ಎನ್ನುತ್ತಿದ್ದರು.

ಆ ವರ್ಷ ಅವರು ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಡುವವರಿದ್ದರು. ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿಯುವ ಮೊದಲು ಚಳಿಗಾಲದಲ್ಲಿ ಒಂದೇ ಒಂದು ಓಟ ಬಾಕಿ ಇತ್ತು. ಮುತ್ಲಾ ದಿಬ್ಬದ ಆಚೆ, ಬಯಲಿನಲ್ಲಿ ದೂರದ ಗುಡಾರವೊಂದನ್ನು ಮುಟ್ಟಿ ಅದೇ ದಾರಿಯಲ್ಲಿ ಹಿಂದಿರುಗುವ ಓಟ. ಒಂದು ಸಂಜೆ ಈ ಹಸಿರು ಕವಚಗಳನ್ನು ನನ್ನ ಮಡಿಲಿಗೆ ಎಸೆದು, ಬೇರೆ ಯಾವ ಮಾತಿಗೂ ಬಳಸದ ದನಿಯಲ್ಲಿ ಹೇಳಿದರು.

"ನನಗೆ ಮೆಡಲ್ ಬೇಡ ಮಾರಾಯ್ತಿ. ಒಂದು ಸಲ ನಿನ್ನ ಮುಂದೆ ಮುಟ್ಟಿ ಊರಿಗೆ ಹೋಗ್ಬೇಕು. ಅಷ್ಟೇ ಆಸೆ ಉಂಟು."

ಬಿಟ್ಟುಕೊಡುತ್ತೇನೆಂದು ಮಾತ್ರ ಕನಸು ಕಾಣಬೇಡಿ ಎಂದೆ. ಬಿಟ್ಟುಕೊಟ್ಟರೆ ಕಾಲು ಮುರಿಯುತ್ತೇನೆ ಎಂದರು.

ಓಟದ ದಿನ ಬೆಳಕು ಹರಿಯುವ ಮೊದಲೇ ಗಾಳಿ ಎದ್ದಿತ್ತು. ಹೋಗುವ ದಾರಿಯುದ್ದಕ್ಕೂ ಎದುರುಗಾಳಿ. ಮರಳು ನೆಲದಿಂದ ಮೊಣಕಾಲೆತ್ತರಕ್ಕೆ ಹರಿಯುತ್ತಿತ್ತು, ಚರ್ಮಕ್ಕೆ ಸೂಜಿ ಚುಚ್ಚಿದ ಹಾಗೆ. ಹಲ್ಲಿನ ಸಂದಿಯಲ್ಲಿ, ಕಣ್ಣಿನ ಮೂಲೆಯಲ್ಲಿ, ಕುಡಿಯುವ ನೀರಿನ ಕೊಳವೆಯಲ್ಲಿ, ಎಲ್ಲೆಲ್ಲೂ ಮರಳು. ದಾರಿ ತೋರಿಸಲು ನೆಟ್ಟ ಕೆಂಪು ಬಾವುಟಗಳು ಅರ್ಧಕ್ಕರ್ಧ ಹಾರಿಹೋಗಿದ್ದವು. ಬುದ್ಧಿ ಇದ್ದವರು ನಿಧಾನ ಮಾಡಿದರು. ನಾನು ಮಾಡಲಿಲ್ಲ. ಬಾಯಮ್ಮನಿಗೆ ನನ್ನ ಬೆನ್ನು ಕಾಣಬೇಕು ಎಂಬ ಹಠಕ್ಕೆ ಗಾಳಿಯೊಡನೆ ಗುದ್ದಾಡಿ, ದೂರದ ಗುಡಾರ ಮುಟ್ಟಿ ತಿರುಗುವಾಗ ನನ್ನಲ್ಲಿ ಏನೂ ಉಳಿದಿರಲಿಲ್ಲ.

ತಿರುಗಿದ ಮೇಲೆ ಗಾಳಿ ಬೆನ್ನಿಗೆ ಬಂತು. ಅದೇ ಸುಖದ ದಾರಿಯಲ್ಲಿ ನನ್ನ ಮೀನಖಂಡ ಗಂಟು ಕಟ್ಟಿಕೊಂಡಿತು. ನೀರಿನ ಗುಡಾರವೊಂದನ್ನು ದಾಟಿ ಸ್ವಲ್ಪ ಮುಂದೆ ಬಂದಿದ್ದೆ ಅಷ್ಟೇ, ಕುಸಿದು ಕುಳಿತಲ್ಲೇ ಕುಡಿದದ್ದನ್ನೆಲ್ಲ ಕಾರಿಕೊಂಡೆ. ಯಾರೋ ಎಸೆದುಹೋದ ಲಾರಿ ಟಯರಿನ ಮೇಲೆ ಕಾಲು ಹಿಡಿದುಕೊಂಡು ಕುಳಿತಿದ್ದಾಗ ಹಿಂದಿನಿಂದ ಬಾಯಮ್ಮ ಬಂದರು. ಅಷ್ಟೂ ವರ್ಷಗಳಲ್ಲಿ ಓಟದ ನಡುವೆ ಅವರು ನನ್ನನ್ನು ದಾಟಿದ್ದು ಅದೇ ಮೊದಲು. ದಾಟಿದವರು ಹೋಗಬೇಕಲ್ಲ? ನಿಂತರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಮುಖವೆಲ್ಲ ಬಟ್ಟೆಯಲ್ಲಿ ಮುಚ್ಚಿತ್ತು, ಆದರೂ ಅವರು ನಗುತ್ತಿದ್ದುದು ನನಗೆ ಗೊತ್ತಾಯಿತು.

"ಕುರ್ಚಿ ಬೇಕಾ?" ಎಂದು ಕೇಳಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ನನ್ನ ಕೆಲಸ ಮುಗಿದಿತ್ತು, ಅದು ನನಗೆ ತಿಳಿದಿತ್ತು. ಹಿಂದಿನ ಗುಡಾರ ಇನ್ನೂ ಕಾಣುತ್ತಿತ್ತು. ಅಲ್ಲಿಗೆ ನಡೆದು, ಓಟ ಬಿಟ್ಟೆನೆಂದು ಹೆಸರು ಹೊಡೆಸಿ, ಗಾಡಿ ಹತ್ತುವುದೇ ಸರಿ ಎಂದುಕೊಂಡೆ. ಗಾಳಿಯಲ್ಲಿ ಕಿರುಚಿಯೇ ಹೇಳಿದೆ.

"ಬಾಯಮ್ಮ, ನಾನು ಬರ್ತೇನೆ."

"ಆಯ್ತು, ಬಾ," ಎಂದರು. ಕೈ ಎತ್ತಿದರು. ಓಡಿದರು.

ಇಷ್ಟೇ ನಡೆದದ್ದು. ನಾನು ಇದನ್ನು ಎಷ್ಟು ಜನರೆದುರು ಎಷ್ಟು ಸಲ ಹೇಳಿದ್ದೇನೋ... ಹೊರಡುವವರು ಬೇರೆ ಏನು ಹೇಳುತ್ತಾರೆ? ನೆಂಟರ ಮನೆಯಿಂದ ಹೊರಡುವಾಗ, ಅಂಗಡಿಯಿಂದ ಇಳಿಯುವಾಗ, ವಿಮಾನ ಹತ್ತುವಾಗ, ನಮ್ಮಲ್ಲಿ ಯಾವ ಹೆಂಗಸು ಹೋಗ್ತೇನೆ ಎಂದದ್ದುಂಟು? ಹೋಗ್ತೇನೆ ಎಂದರೆ ಅಪಶಕುನ, ಎಳವೆಯಲ್ಲೇ ಬಾಯಿಗೆ ಪೆಟ್ಟು ಬೀಳುತ್ತಿತ್ತು. ಅವರ ಕೊಂಕಣಿಯಲ್ಲೂ ಹೊರಡುವವರು ಯೆತಾಂ ಎಂದೇ ಹೇಳುತ್ತಾರೆ, ಬರುತ್ತೇನೆ ಎಂದೇ. ನಾನು ಹೇಳಿದ್ದು ವಿದಾಯ. ಅವರು ಕೇಳಿಸಿಕೊಂಡದ್ದು, ಸ್ವಲ್ಪ ಸುಧಾರಿಸಿಕೊಂಡು ನಿಮ್ಮ ಹಿಂದೆಯೇ ಬರುತ್ತೇನೆ ಎಂದು. ಒಬ್ಬಳು ಮಲಯಾಳಿಯೋ ಫಿಲಿಪಿನೋ ಹೆಂಗಸೋ ಜೊತೆಗಿದ್ದಿದ್ದರೆ ಇಂಗ್ಲಿಷಿನಲ್ಲಿ ಹೇಳಿರುತ್ತಿದ್ದೆ, ಬಾಯಮ್ಮ ಬದುಕಿಕೊಳ್ಳುತ್ತಿದ್ದರು.

ನಾನು ಗುಡಾರಕ್ಕೆ ಮರಳಿ ನನ್ನ ನಂಬರು ಹೊಡೆಸಿದೆ. ಗಾಡಿಯವರು ಡಾಂಬರು ರಸ್ತೆ ಹಿಡಿದು ನನ್ನನ್ನು ಓಟ ಮುಗಿಯುವ ಬಿಡಾರಕ್ಕೆ ಮುಟ್ಟಿಸಿದರು. ಕಂಬಳಿ ಹೊದ್ದು ಕರಕ್ ಚಹಾ ಕುಡಿದೆ. ಸೋತದ್ದಕ್ಕೆ ಹೊಟ್ಟೆಯಲ್ಲಿ ಕಿಚ್ಚಿತ್ತು ನಿಜ. ಆದರೂ ಎದ್ದು ಹೋಗಿ ಕಾರಿನಿಂದ ಕುರ್ಚಿ ತಂದು ಗೆರೆಯ ಪಕ್ಕ ಬಿಡಿಸಿಟ್ಟು, ಈ ಸಲ ನಾನೇ ಅದರಲ್ಲಿ ಕುಳಿತೆ. ಬಾಯಮ್ಮ ಬರಲಿ, ಬಂದು ಏನು ಬೇಕಾದರೂ ಅನ್ನಲಿ, ಎಲ್ಲವನ್ನೂ ಅನ್ನಿಸಿಕೊಳ್ಳುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಒಬ್ಬೊಬ್ಬರೇ ಬಂದರು. ಆಮೇಲೆ ಇಲ್ಲಿಯವರು ತೋಝ್ ಎನ್ನುವ ಧೂಳುಗಾಳಿ ಗೋಡೆಯ ಹಾಗೆ ಬಂತು. ಬಾಯಮ್ಮ ಬರಲಿಲ್ಲ.

ಮುಂದಿನದು ನಾನು ಗುರಿಗೆರೆಗೆ ಮುಂಚಿನ ಕೊನೆಯ ನೀರಿನ ಗುಡಾರದವರಿಂದ ಕೇಳಿ ತಿಳಿದದ್ದು. ಬಾಯಮ್ಮ ಅಲ್ಲಿಗೆ ಮುಟ್ಟಿದಾಗ ಚೆನ್ನಾಗಿಯೇ ಇದ್ದರಂತೆ. ಖರ್ಜೂರ ತಿಂದು, ನನ್ನ ಬಗ್ಗೆ ವಿಚಾರಿಸಿದರಂತೆ. ನಿಮ್ಮ ಹಿಂದೆ ಯಾವ ಹೆಂಗಸೂ ಬಂದಿಲ್ಲ ಎಂದರು ಅವರು. ಅದು ಸತ್ಯವೇ. ನಾನು ಓಟ ಬಿಟ್ಟ ಸುದ್ದಿ ಅಲ್ಲಿಗೆ ತಲುಪಿರಲಿಲ್ಲ, ವೈರ್‌ಲೆಸ್ಸಿನಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಇನ್ನು ಸ್ವಲ್ಪವೇ ದೂರ, ಹೋಗಿ ಮುಗಿಸಿ ಎಂದು ಅವರು ಒತ್ತಾಯ ಮಾಡಿದರೂ ಬಾಯಮ್ಮ ಕದಲಲಿಲ್ಲ. ನನ್ನ ಗೆಳತಿ ಬರ್ತೇನೆ ಅಂದಿದ್ದಾಳೆ, ಕಣ್ಣೆದುರೇ ಸೋಲಿಸಬೇಕು ಎಂದು ಇಂಗ್ಲಿಷು ಹಿಂದಿ ಸೇರಿಸಿ ಹೇಳಿ ನಕ್ಕರಂತೆ. ಕಾದರು, ಕಾದರು. ಧೂಳು ಕವಿದು ಗುಡಾರದ ಹಗ್ಗ ಕಿತ್ತುಬಂದಾಗ ಎಲ್ಲರೂ ಅದನ್ನು ಹಿಡಿಯಲು ಓಡಿದರು. ತಿರುಗಿ ನೋಡುವಾಗ ಬಾಯಮ್ಮ ಇಲ್ಲ. ಬಂದ ದಾರಿಗೇ ಮುಖ ಮಾಡಿ, ಗಾಳಿಗೆ ಎದುರಾಗಿ, ನನ್ನನ್ನು ಹುಡುಕಿಕೊಂಡು ಹೋಗಿದ್ದರು.

ಎಂಥ ಹೆಡ್ಡತನ ಎಂದು ನನಗೆ ಈಗಲೂ ರಕ್ತ ಕುದಿಯುತ್ತದೆ. ಯಾರು ಹೇಳಿದ್ದರು ಹುಡುಕಲು? ಜನ್ಮಪೂರ್ತಿ ನನ್ನ ಕಾಲೆಳೆದವರಿಗೆ ಆ ಒಂದು ದಿನ ನನ್ನ ಮೇಲೆ ಯಾಕೆ ಕರುಣೆ ಬರಬೇಕಿತ್ತು?

ಸಂಜೆಯ ಹೊತ್ತಿಗೆ ಒಂಟೆ ಕಾಯುವ ಸುಡಾನಿನವನೊಬ್ಬ, ಒಂಟೆಗಳ ನೀರಿನ ತೊಟ್ಟಿಯ ಮರೆಯಲ್ಲಿ ಮುದುಡಿ ಬಿದ್ದಿದ್ದ ಅವರನ್ನು ಕಂಡು ಫೋನ್ ಮಾಡಿದ. ಒಂದು ಕಾಲಿನ ಶೂ ಇರಲಿಲ್ಲ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತ್ತು. ದಣಿದ ಮಾಂಸಖಂಡ ಒಡೆದು ರಕ್ತಕ್ಕೆ ಸೇರಿದೆ, ಅದು ಕಿಡ್ನಿಯನ್ನು ಕಟ್ಟಿಹಾಕಿದೆ ಎಂದರು ಡಾಕ್ಟರು. ಅವರನ್ನು ಮಲಗಿಸಿದ್ದು ಅವರದೇ ಆಸ್ಪತ್ರೆಯಲ್ಲಿ, ಅವರೇ ಒಗೆಸಿದ ಬೆಡ್‌ಶೀಟಿನ ಮೇಲೆ. ಪ್ರಜ್ಞೆ ಬಂದೊಡನೆ ಹೊದಿಕೆಯ ಮೇಲಿನ ಕಲೆ ತೋರಿಸಿ ಲಾಂಡ್ರಿಯವರನ್ನು ಕರೆಸಿ ಬೈದರಂತೆ.

ನಾನು ಹೋದಾಗ ಕೈಯಲ್ಲಿ, ಕುತ್ತಿಗೆಯಲ್ಲಿ ಕೊಳವೆಗಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ಬದುಕಿದ್ದೇನೆ ಎಂಬುದೇ ಅವರಿಗೆ ಮೋಸದ ಹಾಗೆ ಕಂಡಿತೇನೋ...

"ಹೋಗ್ತೇನೆ ಅಂತ ಒಂದು ಮಾತು ಹೇಳ್ಲಿಕ್ಕೆ ನಿನಗೆ ಎಂತ ದಾಡಿ ಆಗಿತ್ತು?"

"ಯಾರಾದ್ರೂ ಹಾಗೆ ಹೇಳ್ತಾರಾ ಬಾಯಮ್ಮ?" ಎಂದೆ.

ಇಲ್ಲ, ಎಂದು ಒಪ್ಪಿಕೊಂಡರು. ಒಪ್ಪಿಕೊಂಡು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ಆ ಇಲ್ಲ ಎಂಬ ಮಾತನ್ನು ಅವರು ಬೇರೆ ಯಾರೆದುರಿಗೂ ಹೇಳಲಿಲ್ಲ. ನೋಡಲು ಬಂದವರಿಗೆಲ್ಲ, ಆ ಕುಂದಾಪುರದವಳು ಬರ್ತೇನೆ ಅಂತ ಹೇಳಿ ಬರಲಿಲ್ಲ ಎಂದಷ್ಟೇ ಹೇಳಿದರು. ಇಗರ್ಜಿಯವರು, ನಮ್ಮ ಕನ್ನಡದವರು, ಕಟ್ಟಡದ ಲಿಫ್ಟಿನಲ್ಲಿ ಸಿಕ್ಕವರು, ಎಲ್ಲರೂ ನನ್ನನ್ನು ನೋಡುವ ರೀತಿಯೇ ಬದಲಾಯಿತು. ಬಾಯಮ್ಮನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳುತ್ತಿದ್ದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ, ಆದರೂ ಕ್ಷಮಿಸಲು ನನ್ನಿಂದ ಆಗಲಿಲ್ಲ. ಊಟ ಮಾತ್ರ ದಿನಾ ಒಯ್ದೆ, ಉಪ್ಪಿಲ್ಲದ ಗಂಜಿ. ನಾಯಿಗೂ ಬೇಡ ಎಂದು ಬೈಯುತ್ತಲೇ ಕುಡಿಯುತ್ತಿದ್ದರು.

ಕ್ಯಾನ್ಸಲ್ ಆಗಿ ಹೊರಟ ದಿನ ವಿಮಾನ ನಿಲ್ದಾಣಕ್ಕೆ ಗಾಲಿಕುರ್ಚಿ ತಳ್ಳಿಕೊಂಡು ಹೋದವಳೂ ನಾನೇ. ಒಳಗೆ ಬಿಡುವ ಬಾಗಿಲ ಬಳಿ ಅವರು ಕೈ ಎತ್ತಿ ನಿಲ್ಲಿಸಿದರು. ಸುತ್ತ ನಮ್ಮ ಊರಿನವರೇ ಹತ್ತಾರು ಜನ, ಬರ್ತೇವೆ ಬರ್ತೇವೆ ಎಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಬಾಯಮ್ಮ ನನ್ನ ಕಣ್ಣನ್ನೇ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಹೋಗ್ತೇನೆ" ಎಂದರು. ಪಕ್ಕದ ಮುದುಕಿಯೊಬ್ಬಳು ಬೆಚ್ಚಿ ತಿರುಗಿ ನೋಡಿದಳು. ಕೆನ್ನೆಗೆ ಹೊಡೆದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಊರಿನಲ್ಲಿ ವಾರಕ್ಕೆ ಕೆಲವು ಸಲ ಮಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬಂದರು. ಒಮ್ಮೊಮ್ಮೆ ಫೋನ್ ಮಾಡುತ್ತಿದ್ದರು, ಈಗಲೂ ಓಡುತ್ತೀಯಾ ಎಂದು ಕೇಳಲು. ಹೌದು ಎಂದರೆ ಸಿಟ್ಟು, ಇಲ್ಲ ಎಂದರೆ ಇನ್ನೂ ಸಿಟ್ಟು. ಹೋದ ಮಳೆಗಾಲದಲ್ಲಿ ಅವರ ತಂಗಿ ಫೋನ್ ಮಾಡಿ ಸುದ್ದಿ ಹೇಳಿದಳು. ಕೊನೆಗಾಲದಲ್ಲಿ ನನ್ನ ಬಗ್ಗೆ ಏನಾದರೂ ಅಂದರಾ ಎಂದು ಕೇಳಿದೆ. ಏನೂ ಅನ್ನಲಿಲ್ಲ ಎಂದಳು. ಇಲ್ಲಿಯ ಇಗರ್ಜಿಯಲ್ಲಿ ಅವರಿಗಾಗಿ ಪೂಜೆ ಮಾಡಿಸಿದಾಗ ಹಿಂದಿನ ಬೆಂಚಿನಲ್ಲಿ ಕುಳಿತು ಬಂದೆ, ಯಾರೂ ಮಾತನಾಡಿಸಲಿಲ್ಲ.

ಈಗ ನಮ್ಮ ಓಟದ ಗುಂಪಿಗೆ ಹೊಸ ಹುಡುಗಿಯರು ಬಂದಿದ್ದಾರೆ. ಯಾರೋ ಹಳಬರು ಅವರಿಗೆ ನನ್ನನ್ನು ತೋರಿಸಿ, ಇವರಿಗೂ ಒಬ್ಬ ಬಾಯಮ್ಮನಿಗೂ ಭಾರಿ ಪೈಪೋಟಿ ಇತ್ತು, ಆದರೆ ಆ ಬಾಯಮ್ಮ ಒಂದು ಸಲವೂ ಇವರನ್ನು ಸೋಲಿಸಲಿಲ್ಲ ಎನ್ನುತ್ತಾರೆ. ಹೊಗಳಿಕೆ ಎಂದುಕೊಂಡು ಹೇಳುತ್ತಾರೆ. ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ. ಅವರು ಹೇಳುವುದೇನೋ ನಿಜ. ಆ ದಿನ ನಾನೂ ಗೆರೆ ಮುಟ್ಟಲಿಲ್ಲ, ಅವರೂ ಮುಟ್ಟಲಿಲ್ಲ. ಸೋಲಲು ನಾನು ಅಲ್ಲಿ ತಯಾರಾಗಿ ಕುಳಿತಿದ್ದೆ. ಗಾಳಿ ಅವರ ಬೆನ್ನಿಗೇ ಇತ್ತು. ಓಡುವುದೂ ಬೇಡವಾಗಿತ್ತು, ಸುಮ್ಮನೆ ನಡೆದು ಬಂದಿದ್ದರೂ ಸಾಕಿತ್ತು.